ಕೂಸಿಗೆ ನೀರು ಹಾಕುತ್ತಿದ್ದ ದೊಡ್ಡವ್ವ

ಕೂಸಿಗೆ ನೀರು ಹಾಕಲು ಕೂರುವ ಮೊದಲು ದೊಡ್ಡವ್ವ ಹಸಿರು ಗಾಜಿನ ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಏರಿಸಿ, ಅವು ಕೆಳಗೆ ಜಾರದಂತೆ ಎರಡೂ ಕೈಗೆ ಕರಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಬಿಚ್ಚಿದ ಮೇಲೂ ಮಧ್ಯಾಹ್ನದವರೆಗೆ ಚರ್ಮದ ಮೇಲೆ ಅದರ ಗೆರೆ ಉಳಿದಿರುತ್ತಿತ್ತು. ಬೇಗೂರಿನ ನಮ್ಮ ಬೀದಿಯಲ್ಲಿ ಆ ಗೆರೆ ಕಂಡರೆ ಯಾರದೋ ಮನೆಯಲ್ಲಿ ಹಸುಗೂಸು ಇದೆ ಎಂದೇ ಲೆಕ್ಕ.

ಅವರು ನಮಗೆ ರಕ್ತಸಂಬಂಧಿಯಲ್ಲ. ಎದುರು ಸಾಲಿನಲ್ಲಿ, ಎಲ್ಲರೂ ಕೊಡ ತುಂಬಿಸಿಕೊಳ್ಳುವ ನೀರಿನ ತೊಂಬೆಯ ಪಕ್ಕದ ಮನೆ ಅವರದು. ಬೀದಿಗೆಲ್ಲ ಅವರು ದೊಡ್ಡವ್ವ. ಗಂಡನ ಜೊತೆ ಸ್ವಲ್ಪ ಅರಿಶಿನ, ಸ್ವಲ್ಪ ರಾಗಿ ಬೆಳೆಯುತ್ತಿದ್ದರು. ಬಾಣಂತಿಗೂ ಕೂಸಿಗೂ ನೀರು ಹಾಕಲು ಯಾರು ಕರೆದರೂ ಹೊಲ ಬಿಟ್ಟು ಬರುತ್ತಿದ್ದರು. ಅದನ್ನು ಕೆಲಸ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಕೆಲ್ಸ ಅಂದ್ರೆ ಕಳೆ ಕೀಳದು ಕಣಮ್ಮಿ. ಇದು ಕೈ" ಎನ್ನುತ್ತಿದ್ದರು.

ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಉದ್ದಕ್ಕೆ ಮಲಗಿಸಿಕೊಳ್ಳುತ್ತಿದ್ದರು. ಹರಳೆಣ್ಣೆ ಸವರಿ, ಕೂಸಿನ ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ತಂದು ಮುಟ್ಟಿಸುವರು. ಮೂಗು ನೀವುವರು, ತಲೆ ತಿದ್ದುವರು. ಕಡೆಗೆ ಎರಡು ಪಾದಗಳನ್ನೂ ಒಟ್ಟಿಗೆ ಹಿಡಿದು ತಲೆಕೆಳಗೆ ಒಮ್ಮೆ ತೂಗಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಾಯಿಯ ಕೈಗೆ ಕೊಡುವರು. ನೀರು ಎಷ್ಟು ಬಿಸಿ ಇರಬೇಕೆಂದು ಕೇಳಿದರೆ, "ನೀರು ಕೋಪ ಮಾಡ್ಕಬಾರ್ದು, ವಸಿ ಮುನಿಸ್ಕಂಡಿರ್ಬೇಕು" ಎನ್ನುತ್ತಿದ್ದರು. ಅವರು ಬೆಳೆಸಿದ ಗಂಡಸರು ಅಂಗಡಿ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚಿದರೆ ದಾರಿಯಲ್ಲಿ ನಿಂತು, "ಲೋ, ನಿನ್ ತಲೆ ಗುಂಡಗೆ ಮಾಡಿದ್ದು ನಾನು ಕಣ್ಲಾ. ಒಳುಕ್ಕೆ ತುಂಬುಸ್ಕಳದು ನಿನ್ ಪಾಲಿನ್ ಕೆಲ್ಸ ಆಗಿತ್ತು" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ನಿಂತಲ್ಲಿ ನಿಲ್ಲುವ ಜೀವವಲ್ಲ. ನಮ್ಮ ಮನೆಗೆ ಬಂದರೆ ಕೂತ ಹಾಗೆಯೇ ಚಾಪೆಯ ಎಳೆ ಸರಿಮಾಡುವರು, ಮಾತನಾಡುತ್ತಲೇ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುವರು. ನನಗೆ ಯಾರಾದರೂ ಮುಟ್ಟಿದರೆ ಮುದುರಿಕೊಳ್ಳುವ ಸ್ವಭಾವ. ಅವರ ಕೈಗೆ ಮಾತ್ರ ನಾನು ತಲೆ ಕೊಟ್ಟು ಕೂರುತ್ತಿದ್ದೆ.

ಹೋದ ವರ್ಷ ರಾಗಿ ಕುಯ್ಲಿನ ಹೊತ್ತಿಗೆ, ನಾಲ್ಕು ದಿನದ ಜ್ವರಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ಅವರ ಕಾಲ ಮೇಲೆ ಮಲಗಿ ಅತ್ತವರು. ನಾನು ಬರೆಯಬೇಕೆಂದಿರುವುದು ಅದಕ್ಕೂ ಹಿಂದಿನ ಕೆಲವು ತಿಂಗಳ ಬಗ್ಗೆ. ಬೀದಿ ಅವರನ್ನು ಕರೆಯುವುದನ್ನೇ ಬಿಟ್ಟಿದ್ದ ಕಾಲ ಅದು. ಬಿಡಿಸಿದ್ದು ನಮ್ಮ ಮನೆ.

ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಳು. ತವರಿಗೆ ಬರುವುದಕ್ಕೆ ಇನ್ನೂ ಸಮಯವಿದೆ ಎಂದು ನಾನು ಗಂಡನ ಮನೆಯಲ್ಲಿ, ಹರದನಹಳ್ಳಿಯಲ್ಲೇ ಇದ್ದೆ. ನೋವು ಬಂದ ಕೂಡಲೇ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದರು. ಹೆರಿಗೆಯಾದ ಮೇಲೆ ಕೂಸನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕೂರಲಾರದೆ, ನಿಲ್ಲಲಾರದೆ, ಒಳಗಿನ ಯಂತ್ರದ ಸದ್ದು ಬದಲಾದಾಗಲೆಲ್ಲ ಬಾಗಿಲಿನ ಗಾಜಿಗೆ ಮುಖ ಒತ್ತುತ್ತಿದ್ದೆ. ಅಲ್ಲಿದ್ದ ಕೂಸುಗಳೆಲ್ಲ ಹಸಿವಾದರೆ ಅಳುತ್ತಿದ್ದವು. ನನ್ನದು ಎತ್ತಿಕೊಂಡರೆ ಅಳುತ್ತಿತ್ತು, ಮಲಗಿಸಿದರೆ ಸುಮ್ಮನಾಗುತ್ತಿತ್ತು. ಇದು ನನಗೆ ವಿಚಿತ್ರವೆನಿಸಿತು. ತಿಂಗಳು ತುಂಬದ ಕೂಸಲ್ಲವೇ, ಮೈ ಎಳೆಯದು ಎಂದರು ಆಸ್ಪತ್ರೆಯವರು. ಅದೂ ನಿಜವೇ. ದಿನ ತುಂಬುವ ಮೊದಲೇ ಹುಟ್ಟಿದ ಎಷ್ಟೋ ಕೂಸುಗಳ ಮೂಳೆಗೆ ಸುಣ್ಣದ ಅಂಶ ಸಾಲದೆ ಬರುತ್ತದಂತೆ, ಹನಿ ಔಷಧಿಯಲ್ಲಿ ಸರಿಹೋಗುತ್ತದಂತೆ. ಆ ಹನಿಗಳನ್ನೂ ಕೊಟ್ಟರು. ಮನೆಗೆ ಕಳುಹಿಸುವಾಗ, ತೂಕ ಏರುವವರೆಗೆ ಸ್ನಾನ ಬೇಡ ಎಂದರು.

ಬೇಗೂರಿಗೆ ಬಂದ ದಿನವೇ ದೊಡ್ಡವ್ವ ಬಂದು ಕೂಸಿನ ಮೇಲೆ ಬಗ್ಗಿ ನೋಡಿದರು. ಕಣ್ಣಿನ ಬಿಳಿಯ ಭಾಗ ನಿಜವಾಗಿ ಬಿಳಿಯಾಗಿರಲಿಲ್ಲ. ತೆಳುವಾಗಿ ನೀಲಿ ಹಾಕಿ ಒಗೆದ ಬಟ್ಟೆಯಂತಿತ್ತು.

"ನೋಡ್ದ್ಯಾ, ಕಣ್ಣೊಳಗೇ ನೀಲಿ ಅದೆ. ಕಿಸ್ಣನ್ ಕಳೆ ಕಣೆ ಇದು" ಎಂದರು ನನ್ನ ಅವ್ವನಿಗೆ.

"ಹೆಣ್ಗೂಸ್ಗೆ ಕಿಸ್ಣನ್ ಕಳೆ ಯಾಕೆ ಬತ್ತದೆ, ಸುಮ್ಕಿರು" ಎಂದು ಅವ್ವ ನಕ್ಕಳು.

"ಯಾಕೆ, ಅವುನ್ಗೆ ಅಕ್ಕತಂಗೇರು ಇರ್ನಿಲ್ವಾ?"

ಮನೆಗೆ ಬಂದವರೆಲ್ಲ ಆ ಕಣ್ಣನ್ನು ಹೊಗಳಿದರು. ನನಗೂ ಹೆಮ್ಮೆಯಾಯಿತು. ಅದು ರೋಗದ ಗುರುತು ಎಂದು ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ಪ್ರತಿದಿನ ಅವರು ಬಾಗಿಲಿಗೆ ಬಂದು, "ಇನ್ನೂ ಎಷ್ಟ್ ದಿವ್ಸ ಒಣಗೂಸು ಮಡೀಕಂಡಿರ್ತೀರಿ?" ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ತೂಕ ಬಂತು, ಆಸ್ಪತ್ರೆಯವರು ಸ್ನಾನ ಮಾಡಿಸಬಹುದು ಎಂದರು. ಅಂದು ಬೆಳಿಗ್ಗೆ ದೊಡ್ಡವ್ವ ಅರಿಶಿನ ಹಚ್ಚಿದ ಕೆನ್ನೆಯಲ್ಲಿ ಬಂದರು. ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಕೂಸು ಪುಟ್ಟದೆಂದು ಅವರು ಅಂದು ತೂಗಲಿಲ್ಲ, ಮೂಗು ನೀವಲಿಲ್ಲ. ಎಣ್ಣೆ ಸವರಿ, ಕೈಕಾಲನ್ನು ಎಳೆದೂ ಎಳೆಯದ ಹಾಗೆ ಅಡ್ಡಕ್ಕೆ ತಂದರು, ಅಷ್ಟೆ. ಅಳು ಇದ್ದಕ್ಕಿದ್ದಂತೆ ಬೇರೆಯಾಯಿತು. ನನಗಿಂತ ಮೊದಲು ಅದು ಅವರಿಗೇ ಗೊತ್ತಾಯಿತು. ಕೈಯನ್ನು ಕಿತ್ತುಕೊಂಡು, ನೀರಿನ ಚೊಂಬು ಉರುಳಿದ್ದನ್ನೂ ನೋಡದೆ, "ಇದು ನೀರಿನ್ ಅಳು ಅಲ್ಲ ಕಣಮ್ಮಿ. ಆಸ್ಪತ್ರೆಗೆ ಓಗು, ಈಗ್ಲೇ ಓಗು" ಎಂದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಚಾಮರಾಜನಗರ ಮುಟ್ಟುವವರೆಗೆ ಕೂಸನ್ನು ದಿಂಬಿನ ಮೇಲೆ ಮಲಗಿಸಿಕೊಂಡು ಕೂತಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಅದು ಅಳುತ್ತಿತ್ತು. ಎಕ್ಸ್‌ರೇಯಲ್ಲಿ ತೊಡೆಯ ಮೂಳೆ ಮುರಿದದ್ದು ಕಂಡಿತು. "ಎಣ್ಣೆ ಹಚ್ಚಿ ನೀವಿದ್ದು ಯಾರು?" ಎಂದು ಅಲ್ಲಿನ ಸಿಸ್ಟರ್ ಕೇಳಿದರು. ಅವರ ಕೆಲಸ, ಕೇಳಿದರು. ಅವ್ವ ಉತ್ತರ ಕೊಟ್ಟಳು. ಅಂದು ಸಂಜೆ ಬಟ್ಟೆ ತರಲು ಊರಿಗೆ ಹೋದವಳು, ಬಸ್ಸಿಳಿದು ಮನೆಯೊಳಗೂ ಕಾಲಿಡದೆ ತೊಂಬೆಯ ಹತ್ತಿರ ನಿಂತು, "ನನ್ ಮೊಮ್ಮಗೀನ ಕಾಲ್ ಮುರ್ದಾಕ್ಬುಟ್ಳು ಕಣ್ರವ್ವ" ಎಂದು ಅತ್ತಳಂತೆ. ದೊಡ್ಡವ್ವನ ಮನೆಯ ಜಗಲಿಗೂ ತೊಂಬೆಗೂ ಕೂಗಳತೆಯೂ ಇಲ್ಲ. ಅವರು ಒಳಗಿದ್ದರು. ಹೊರಗೆ ಬರಲಿಲ್ಲ.

ಎರಡನೆಯ ದಿನ ಡಾಕ್ಟರು ನನ್ನನ್ನು ಕರೆದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಿರಿಯ ವಯಸ್ಸಿನವರು, ಮಾತು ನಿಧಾನ. ತೊಡೆಯ ಹೊಸ ಮುರಿತದ ಜೊತೆಗೆ ಪಕ್ಕೆಲುಬುಗಳಲ್ಲಿ, ತೋಳಿನಲ್ಲಿ, ಮುರಿದು ತಾನಾಗಿಯೇ ಕೂಡಿಕೊಂಡ ಹಳೆಯ ಗುರುತುಗಳಿದ್ದವು. "ಇವು ಹುಟ್ಟುವಾಗ ಆಗಿರಬಹುದು, ಅದಕ್ಕೂ ಮೊದಲೇ ಹೊಟ್ಟೆಯೊಳಗೂ ಆಗಿರಬಹುದು" ಎಂದರು. ಕೂಸಿನ ಕಣ್ಣನ್ನು ಅರಳಿಸಿ ಬಹಳ ಹೊತ್ತು ನೋಡಿದರು. ರಕ್ತವನ್ನು ಬೆಂಗಳೂರಿಗೆ ಕಳುಹಿಸಿ ಕಾಯಬೇಕು ಎಂದರು.

ಆ ಕಾಯುವ ವಾರಗಳಲ್ಲಿ ನನಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಕೂಸು ಬೇಗೂರಿನ ಮನೆಯಲ್ಲಿ ದಿಂಬಿನ ಮೇಲೆ ಮಲಗಿರುತ್ತಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಹಾಲು ಕುಡಿಸುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ. ಕೋಣೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆಯುತ್ತಿದ್ದೆ. ಕಿಟಕಿಯಲ್ಲಿ ನಿಂತರೆ ಎದುರಿಗೆ ದೊಡ್ಡವ್ವ. ಬೆಳಗಿನ ನೀರಿನ ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತಿದ್ದರು. ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸುವರು. ಅಂಗಡಿಯ ತಿರುವಿನವರೆಗೆ ಹೋಗಿ ಏನೂ ಕೊಳ್ಳದೆ ವಾಪಸು ಬರುವರು. ಯಾರ ಮನೆಯ ಬಚ್ಚಲಿಂದಲಾದರೂ ಹೊಗೆ ಏಳುತ್ತಿದ್ದರೆ ಆ ಕಡೆ ನೋಡಿ ಒಳಗೆ ಹೋಗುವರು, ಮತ್ತೆ ಹೊರಗೆ ಬರುವರು. ಇಬ್ಬರೂ ಬೀದಿಯ ಎರಡು ಕಡೆ ಹೀಗೆ ತಿರುಗುತ್ತಿದ್ದೆವು.

ಬೀದಿಯ ಕೊನೆಯ ಮನೆಯ ಹುಡುಗಿಗೆ ಆಗ ದಿನ ತುಂಬಿತ್ತು. ಅವಳೂ, ಅವಳ ಅಣ್ಣಂದಿರೂ ದೊಡ್ಡವ್ವನ ಕಾಲ ಮೇಲೆ ಬೆಳೆದವರು. ಗಂಡು ಕೂಸು ಹುಟ್ಟಿತು. ಹಂಗಳದಿಂದ ನೀರು ಹಾಕಲು ಬೇರೆ ಹೆಂಗಸನ್ನು ಗೊತ್ತುಮಾಡಿದ್ದಾರೆ, ಬರುವ ವಾರದಿಂದ ಬರುತ್ತಾಳೆ ಎಂದು ನನ್ನ ತಂಗಿ ಸುದ್ದಿ ತಂದಳು. ಅದೇ ವಾರ ಚಾಮರಾಜನಗರದಿಂದ ಫೋನು ಬಂತು. ಅವ್ವನೂ ನಾನೂ ಕೂಸಿನೊಂದಿಗೆ ಮತ್ತೆ ಆಸ್ಪತ್ರೆಗೆ ಹೋದೆವು.

ಆಸ್ಟಿಯೋಜೆನೆಸಿಸ್ ಇಂಪರ್‌ಫೆಕ್ಟಾ. ಹುಟ್ಟಿನಿಂದಲೇ ಬರುವ, ಬಲು ಅಪರೂಪದ ಮೂಳೆಯ ದೋಷ. ಮೂಳೆಗೆ ಬಿಗುವು ಕೊಡುವ ಕೊಲಾಜೆನ್ ಎಂಬ ನಾರು ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಆ ನಾರಿನ ರಚನೆಯನ್ನು ನಾನು ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಡಾಕ್ಟರು ಹೇಳುತ್ತಿದ್ದುದೆಲ್ಲ ನನಗೆ ತಕ್ಷಣ ಅರ್ಥವಾಗುತ್ತಿತ್ತು. ಅರ್ಥವಾದದ್ದರಿಂದ ಯಾವ ಸಮಾಧಾನವೂ ಆಗಲಿಲ್ಲ. ನನ್ನಲ್ಲಾಗಲಿ ಗಂಡನಲ್ಲಾಗಲಿ ಅದು ಇರಲಿಲ್ಲ, ಈ ಕೂಸಿನಲ್ಲೇ ಹೊಸದಾಗಿ ಆದದ್ದು. ಪೂರ್ತಿ ಗುಣವಾಗುವುದಿಲ್ಲ. ಮೂಳೆ ಗಟ್ಟಿಮಾಡಲು ಆಗಾಗ ಡ್ರಿಪ್‌ನಲ್ಲಿ ಔಷಧಿ ಕೊಡಬಹುದು, ಮೈಸೂರಿಗೆ ಹೋಗಬೇಕು. ನಾನು ಒಂದೇ ಪ್ರಶ್ನೆ ಕೇಳಿದೆ: ಆ ದಿನ ನೀರು ಹಾಕದಿದ್ದರೆ?

"ಅವರಲ್ಲದಿದ್ದರೆ ಬಟ್ಟೆ ಬದಲಿಸುವಾಗ ನಿಮ್ಮ ಕೈಯಲ್ಲೇ ಆಗುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ" ಎಂದರು.

ಕೂಡಿಕೊಂಡಿದ್ದ ಕಾಲಿನ ಪಟ್ಟಿ ಬಿಚ್ಚಿ, ಎತ್ತಿಕೊಳ್ಳುವುದು ಹೇಗೆಂದು ಒಬ್ಬ ಸಿಸ್ಟರ್ ತೋರಿಸಿಕೊಟ್ಟರು. ಕಂಕುಳಲ್ಲಿ ಕೈ ಹಾಕುವ ಹಾಗಿಲ್ಲ. ಪಾದ ಹಿಡಿದು ಎತ್ತುವ ಹಾಗಿಲ್ಲ. ಬೆರಳುಗಳನ್ನು ಅಗಲಿಸಿ, ಒಂದು ಅಂಗೈ ತಲೆ ಬೆನ್ನಿನ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಜಾರಿಸಿ, ಇಡೀ ಕೂಸನ್ನು ಒಂದೇ ಸಲಕ್ಕೆ ಎತ್ತಬೇಕು. ನೀರು ಹಾಕಬಹುದು; ಟಬ್ಬಿನಲ್ಲಿ ಮಡಚಿದ ಟವೆಲ್ ಹಾಸಿ ಮಲಗಿಸಿ, ನೀವದೆ, ಎಳೆಯದೆ.

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಬೇಗೂರಿನ ಬಸ್ಸಿಗೆ ಕಾಯುವಾಗ ಅವ್ವ ನನ್ನ ಕಿವಿಯ ಹತ್ತಿರ ಬಂದಳು.

"ಊರಲ್ಲಿ ಇದ್ನ ಬಾಯ್ ಬುಡಬ್ಯಾಡ."

"ದೊಡ್ಡವ್ವನಿಗಾದರೂ ಹೇಳಬೇಕಲ್ಲವಾ?"

"ಅವುಳ್ಗೆ ಹೇಳುದ್ರೆ ತೊಂಬೆಗೆ ಹೇಳ್ದಂಗೆ. ನಿನ್ ತಂಗಿ ನೋಡಕ್ಕೆ ಬಂದೋಗವ್ರೆ, ಇನ್ನೂ ಮಾತು ಕೂಡ್ಬೇಕು. ಈ ಮನೆ ರಕ್ತದಲ್ಲಿ ಮೂಳೆ ಮುರಿಯೋ ಕಾಯ್ಲೆ ಅದೆ ಅಂದ್ರೆ ಯಾರ್ ಮಾಡ್ಕತ್ತಾರೆ?"

"ರಕ್ತದಲ್ಲಿಲ್ಲ ಅವ್ವ. ಡಾಕ್ಟರು ಹೇಳಿದರಲ್ಲ."

"ಡಾಕ್ಟರ್ ಬಂದು ನಿನ್ ತಂಗೀನ ಮದ್ವೆ ಮಾಡ್ಕತ್ತಾನಾ?"

ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಕೈತಪ್ಪಿಂದ ಆಯ್ತು ಅಂದ್ರೆ ನಾಕ್ ದಿನಕ್ಕೆ ಮರ್ತೋಯ್ತದೆ" ಎಂದಳು. ಮುಖ ಆ ಕಡೆ ತಿರುಗಿಸಿದಳು. ಮೂವತ್ತು ವರ್ಷದ ಸ್ನೇಹಿತೆಯ ಬಗ್ಗೆ ಆಡಿದ ಮಾತು ಅದು, ಅವಳಿಗೂ ಗೊತ್ತಿತ್ತು.

ಮನೆ ಸೇರಿದ ಮೇಲೆ ಅವ್ವ ದನದ ಹಟ್ಟಿಗೆ ಹೋದಾಗ ತಂಗಿ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳಿಗೆ ಎಲ್ಲವನ್ನೂ ಹೇಳಿದ್ದೆ. "ಅಕ್ಕ, ನೀನು ಏನಾರ ಮಾಡು. ಆದ್ರೆ ನನ್ ಹೆಸ್ರು ಹೇಳಿ ಮಾಡ್ಬೇಡ" ಎಂದಳು. "ಬಾಯ್ ಮುಚ್ಕೊಂಡಿದ್ರೂ ನನ್ ಹೆಸ್ರು ಬೇಡ, ಬಾಯ್ ಬಿಟ್ರೂ ಬೇಡ." ಅವಳ ಕಣ್ಣಲ್ಲಿ ಭಯ ಇತ್ತು. ಅದನ್ನು ಅವಳು ಅಡಗಿಸಲಿಲ್ಲ.

ಕೂಸು ಮಲಗಿದ್ದಾಗ, ದೀಪ ಹಚ್ಚುವ ಹೊತ್ತಿಗೆ, ಬೀದಿ ದಾಟಿದೆ. ದೊಡ್ಡವ್ವ ಜಗಲಿಯ ಒಳಮೂಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನನ್ನನ್ನು ನೋಡಿ ಕಾಳನ್ನು ಇನ್ನೂ ಜೋರಾಗಿ ಹಿಸುಕಿದರು. ಒಂದು ಕಾಳು ಹಾರಿ ನನ್ನ ಕಾಲಿಗೆ ಬಡಿಯಿತು.

"ಕುಂತ್ಕೊ. ಕಾಲ್ ಮುರಿಯೋಳ ಮನೆಗೆ ಬಂದಿದ್ದೀಯೆ, ಉಸಾರು."

ನಾನು ಕೂತು, ತಗ್ಗಿದ ದನಿಯಲ್ಲಿ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಹೊಟ್ಟೆಯಲ್ಲೇ ಮುರಿದಿದ್ದ ಪಕ್ಕೆಲುಬು, ನೀಲಿ ಕಣ್ಣು, ಡಾಕ್ಟರ ಮಾತು. ಅವರ ಬೆರಳು ಬಹಳ ಹೊತ್ತಿನ ಮೇಲೆ ನಿಂತಿತು.

"ಹೊಟ್ಟೇಲೇ ಮುರ್ದಿತ್ತಾ?"

"ಹೌದು."

"ಅಯ್ಯೋ ಕಂದ. ನೋವು ಉಣ್ಕೊಂಡೇ ಹುಟ್ತಾ ಅದು." ಸೆರಗಿನಿಂದ ಮುಖ ಒರೆಸಿಕೊಂಡರು. "ನೋಡಮ್ಮಿ, ನಿನ್ನ ಸಮಾಧಾನಕ್ಕೆ ನಾನು ಸುಳ್ ಹೇಳಕಿಲ್ಲ. ಅವತ್ತು ಕಾಲು ಮುರ್ದಿದ್ದು ನನ್ ಕೈಯೊಳಗೇ. ನಂಗೆ ಗೊತ್ತಾಯ್ತು. ಇವತ್ಗೂ ಅನ್ನ ಕಲಸಕ್ ಓದ್ರೆ ಕೈಗೆ ಅದೇ ಬತ್ತದೆ. ಆದ್ರೆ ಮುರುದೋಳು ನಾನಲ್ಲ ಅಂತ ನೀನು ಹೇಳ್ತಿದ್ದೀಯೆ."

"ಹೌದು, ದೊಡ್ಡವ್ವ."

"ಈಗ ಅದ್ನ ಎಂಗ್ ಎತ್ಕಬೇಕಂತೆ?"

ನಾನು ಅಲ್ಲಿದ್ದ ಹಳೆ ಸೀರೆಯನ್ನು ಮುದ್ದೆ ಮಾಡಿ, ಸಿಸ್ಟರ್ ಹೇಳಿಕೊಟ್ಟಂತೆ ಬೆರಳು ಅಗಲಿಸಿ ಎತ್ತಿ ತೋರಿಸಿದೆ. ಅವರು ಕೈ ತೊಳೆದು ಬಂದು ಎತ್ತಿದರು. ಹೆಬ್ಬೆರಳು ತಾನಾಗಿಯೇ ಕಂಕುಳ ಇರಬೇಕಾದ ಜಾಗಕ್ಕೆ ಹೋಗಿ ಸಿಕ್ಕಿಸಿಕೊಂಡಿತು. "ಅಲ್ಲ ದೊಡ್ಡವ್ವ" ಎಂದೆ. ಮತ್ತೆ ಎತ್ತಿದರು, ಮತ್ತೆ ಹೆಬ್ಬೆರಳು ಅಲ್ಲಿಗೇ ಹೋಯಿತು. "ಥೂ, ಈ ಎಬ್ಬೆಟ್ಟು ಮಾತೇ ಕೇಳ್ತಿಲ್ಲ. ನಮ್ ಯಜಮಾನ್ನಂಗೆ" ಎಂದು ಬೈದುಕೊಂಡರು. ಇಬ್ಬರೂ ನಕ್ಕೆವು. ಎಷ್ಟೋ ಸಲದ ಮೇಲೆ ಕೈ ಚಪ್ಪಟೆಯಾಗಿ ಬಂತು. ಸೀರೆಯ ಮುದ್ದೆ ಅವರ ಅಂಗೈಗಳ ಮೇಲೆ ಅಲುಗದೆ ಕೂತಿತು. ಅದನ್ನೇ ನೋಡುತ್ತಿದ್ದಂತೆ ಅವರ ನಗು ಹೋಯಿತು.

"ಕಿವೀಲಿ ಬಂದು ಹೇಳ್ದೆ. ಸಂತೋಸ" ಎಂದರು. "ನಿಮ್ಮವ್ವ ಹೇಳಿದ್ದು ಕಿವೀಲಲ್ಲ. ತೊಂಬೆ ತಾವ."

"ತಂಗಿಯ ಮದುವೆ ಮಾತು ನಡೀತಿದೆ, ದೊಡ್ಡವ್ವ."

"ಗೊತ್ತು. ಅವುಳ್ಗೂ ನಾನೇ ನೀರಾಕಿದ್ದು. ಅವುಳ್ ಬಾಳು ಕೆಡ್ಲಿ ಅಂತ ಬಯಸ್ತೀನಾ? ಆದ್ರೆ ನನ್ನ ಕೇಳು. ನಾಡಿದ್ದು ಹಂಗಳದೋಳು ಬಂದು ಆ ಕೊನೆಮನೆ ಬಚ್ಚಲಲ್ಲಿ ಕುಂತ್ಲು ಅಂದ್ರೆ ಆಯ್ತು, ಈ ಬೀದೀಲಿ ಇನ್ಯಾರೂ ನನ್ನ ಕರ್ಯಕಿಲ್ಲ. ನಿನ್ ತಂಗೀಗೆ ಇನ್ನೊಂದ್ ಗಂಡು ಸಿಕ್ತದೆ. ನಂಗೆ ಇನ್ನೊಂದ್ ಕೈ ಎಲ್ಲಿ ಸಿಕ್ತದೆ?"

ಅವರು ದನಿ ಏರಿಸಿರಲಿಲ್ಲ. ನಾನು ಅವರಿಂದ ದೊಡ್ಡತನವನ್ನು, 'ಇರ್ಲಿ ಬುಡು, ನನ್ ಮೇಲೇ ಇರ್ಲಿ' ಎಂಬ ಮಾತನ್ನು ಎದುರುನೋಡುತ್ತಿದ್ದೆ ಎಂದು ಆಗ ತಿಳಿಯಿತು. ಅವರು ಅದನ್ನು ಹೇಳಲಿಲ್ಲ. ಹೇಳಿದ್ದರೆ ನಾನು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದೆ. ಸುಮ್ಮನೆ ಇದ್ದುಬಿಡುವುದು ನನಗೆ ಯಾವಾಗಲೂ ಸುಲಭ. ಅವರು ಸುಲಭ ಮಾಡಿಕೊಡಲಿಲ್ಲ, ನಾನು ಅವರಿಗೆ ಋಣಿಯಾಗಿರುವುದು ಅದಕ್ಕೇ. ಹಿಸುಕಿದ ಕಾಳಿನ ಬಟ್ಟಲನ್ನು ನನ್ನ ಕೈಗಿಟ್ಟು, "ಸಾರಿಗಾಯ್ತದೆ, ತಕ್ಕಂಡೋಗು" ಎಂದು ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ನಾನು ಕೊಡ ತೆಗೆದುಕೊಂಡು ತೊಂಬೆಗೆ ಹೋದೆ. ಬಾಣಂತಿ ಬೀದಿಗೆ ಬಂದಳೆಂದು ಅಲ್ಲಿದ್ದವರು ಮೊದಲು ಅದಕ್ಕೇ ಬೈದರು. ಕೊನೆಯ ಮನೆಯ ಅಜ್ಜಿ ಕೊಡ ಹಿಡಿದು ನಿಂತಿದ್ದರು. ನನ್ನ ಹಿಂದೆಯೇ ಅವ್ವ ಬಂದು, ಏನೋ ಊಹಿಸಿದವಳಂತೆ, ನನ್ನ ತೋಳು ಹಿಡಿದಳು. ನನಗೆ ನಾಲ್ಕು ಜನರ ಮುಂದೆ ದನಿ ಏರಿಸಿ ಅಭ್ಯಾಸವಿಲ್ಲ. ಬೀಳುವ ನೀರಿನ ಸದ್ದನ್ನು ಮೀರಿ ಕೇಳಲಿ ಎಂದು ಯಾರದೋ ಕೊಡದ ಮೇಲಿದ್ದ ನಲ್ಲಿಯನ್ನು ನಿಲ್ಲಿಸಿದೆ.

"ನನ್ನ ಮಗಳಿಗೆ ಮೂಳೆಯ ಕಾಯಿಲೆ ಇದೆ. ಹೊಟ್ಟೆಯಲ್ಲಿದ್ದಾಗಲೇ ಮೂಳೆ ಮುರಿದಿತ್ತು. ದೊಡ್ಡವ್ವ ಏನೂ ಮಾಡಿಲ್ಲ" ಎಂದೆ.

ಅವ್ವನ ಕೈ ನನ್ನ ತೋಳಿನ ಮೇಲೆ ಬಿಗಿಯಾಯಿತು, ಆಮೇಲೆ ಬಿಟ್ಟಿತು.

"ಯಾರ್ ಕಡೇದಮ್ಮಿ ಕಾಯ್ಲೆ? ನಿಮ್ದಾ, ಗಂಡುನ್ ಮನೇದಾ?" ಎಂದರು ಕೊನೆಯ ಮನೆಯ ಅಜ್ಜಿ.

"ಯಾರ ಕಡೆಯದೂ ಅಲ್ಲ."

ಅವರು ನಂಬಿದರೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಯಾರೂ ನಲ್ಲಿ ತಿರುಗಿಸಲಿಲ್ಲ. ನಾನು ಖಾಲಿ ಕೊಡವನ್ನು ಅಲ್ಲೇ ಬಿಟ್ಟು, ಪಕ್ಕದ ಜಗಲಿ ಹತ್ತಿ, ಮುಚ್ಚಿದ ಬಾಗಿಲ ಮುಂದೆ ನಿಂತು, ಬೀದಿಯ ಕೊನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಕರೆದೆ: "ದೊಡ್ಡವ್ವ, ಕೂಸು ಎದ್ದದೆ. ನೀರಾಕು ಬಾ."